ಕೈಯಳತೆಯ ಚಕ್ರವ್ಯೂಹ

ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅವುಗಳನ್ನು ತಯಾರಿಸಿದ ಕಂಪನಿ, ಮಾರಾಟಕ್ಕೆ ಬಂದ ವರ್ಷ, ತೆರೆಯ ಅಳತೆ ಇವುಗಳಿಂದ ಆರಂಭಿಸುತ್ತಾರೆಯೇ ಹೊರತು, ಅಂಥದೊಂದು ಯಂತ್ರ ಮಕ್ಕಳು ತುಂಬಿದ ಮನೆಯೊಳಕ್ಕೆ ಬಂದಾಗ ಅದು ಯಾರ ಕೈಯಲ್ಲಿ ಎಷ್ಟು ಹೊತ್ತು ಇತ್ತು, ಯಾರು ಪಕ್ಕದಲ್ಲಿ ಕೂತು ನೋಡಿದರು, ಯಾರಿಗೆ ನೋಡುವುದಕ್ಕೂ ಪುರಸೊತ್ತು ಸಿಗಲಿಲ್ಲ ಎಂಬ ಪ್ರಶ್ನೆಗಳವರೆಗೆ ಬರುವುದಿಲ್ಲ. ಹಾಸನ ಜಿಲ್ಲೆಯ ನಾಲ್ಕು ಊರುಗಳ ನಡುವೆ, ಒಂದೇ ಕುಟುಂಬದ ನಾಲ್ಕು ಮನೆಗಳಲ್ಲಿ, ಮೂರು ಮೂರೂವರೆ ವರ್ಷ ಓಡಾಡಿದ ಒಂದು ಬೂದು ಬಣ್ಣದ ಯಂತ್ರದ ಮಟ್ಟಿಗಾದರೂ ಆ ಪ್ರಶ್ನೆಗಳನ್ನು ಕೇಳಬೇಕಾಗಿದೆ. ಏಕೆಂದರೆ ಅದರ ಬಗ್ಗೆ ಈ ಲೇಖಕನು ಇಷ್ಟು ವರ್ಷ ಹೇಳಿಕೊಂಡು ಬಂದ ಕಥೆ ಪೂರ್ತಿ ಸುಳ್ಳಲ್ಲವಾದರೂ ಅವನಿಗೆ ಅನುಕೂಲವಾದಷ್ಟು ಮಾತ್ರ ನಿಜ.

ಈ ವಿಚಾರ ಮತ್ತೆ ತಲೆಯೆತ್ತುವುದಕ್ಕೆ ನೆಪವಾದದ್ದು, ಈಗ ಮೊಬೈಲ್ ಅಂಗಡಿಗಳಲ್ಲಿಯೂ ಜಾತ್ರೆಯ ಆಟಿಕೆ ಸಾಲುಗಳಲ್ಲಿಯೂ ಸಿಗುವ, ಮೈಮೇಲೆ '400 ಇನ್ 1' ಎಂದು ಅಚ್ಚಾಗಿರುವ ಚೀನಾ ತಯಾರಿಕೆಯ ಸಣ್ಣ ಗೇಮ್ ಡಬ್ಬಿ. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ ದೀಪಾವಳಿಯ ಆಸುಪಾಸಿನ ಕೆಲವೇ ದಿನ ಬಾಗಿಲು ತೆರೆಯುತ್ತದೆ. ಆ ದಿನಗಳಲ್ಲಿ ದರ್ಶನದ ಸಾಲು ಬೀದಿಗಳನ್ನು ಸುತ್ತಿಕೊಂಡು ಹೋಗುವಾಗ, ಬಲೂನು, ಪೀಪಿ, ಬಳೆಗಳ ನಡುವೆ ಈ ಡಬ್ಬಿಗಳೂ ಮಾರಾಟಕ್ಕೆ ಕೂತಿರುತ್ತವೆ. ಅದರ ಆಕಾರ 1989ರಲ್ಲಿ ಜಪಾನಿನ ನಿಂಟೆಂಡೋ ಕಂಪನಿ ಹೊರತಂದ 'ಗೇಮ್ ಬಾಯ್' ಯಂತ್ರದ ನಕಲು, ಒಳಗಿರುವ ಆಟಗಳು ಅದೇ ಕಂಪನಿಯ 'ಫ್ಯಾಮಿಕಾಮ್' ಎಂಬ, ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕಾಗಿ 1980ರ ದಶಕದಲ್ಲಿ ಬರೆಯಲಾದವುಗಳ ನಕಲು, ಹಿಂಬದಿಯ ಮುಚ್ಚಳ ಜಾರಿಸಿದರೆ ಕಾಣುವುದು ಒಂದು ಕಾಲಕ್ಕೆ ನೋಕಿಯಾ 1100 ಫೋನಿನೊಳಗೆ ಇರುತ್ತಿದ್ದ ಬಿಎಲ್-5ಸಿ ಮಾದರಿಯ ಬ್ಯಾಟರಿ. ಹೀಗೆ ಮೂರು ಕಾಲದ ಚೂರುಗಳನ್ನು ಒಟ್ಟು ಹೊಲಿದ ಆ ಕೌದಿಯ ಆಟಪಟ್ಟಿಯಲ್ಲಿ 'ಬಾಂಬರ್‌ಮ್ಯಾನ್' ಎಂಬ ಹೆಸರು ಕಂಡದ್ದೇ, ಅಷ್ಟು ವರ್ಷ ಮುಚ್ಚಿಟ್ಟಿದ್ದ ಒಂದು ಸಂಗತಿ ತಾನಾಗಿ ಬಿಚ್ಚಿಕೊಂಡಿತು.

ಬಾಂಬರ್‌ಮ್ಯಾನ್ 'ಆ್ಯಕ್ಷನ್ ಮೇಜ್' ಎಂದು ಕರೆಯಲಾಗುವ ಜಾತಿಯ ಆಟ. ಎಂದರೆ, ಗೋಡೆಗಳ ಸಂದಿಯಲ್ಲಿ ದಾರಿ ಹುಡುಕುವ ಬುದ್ಧಿಯನ್ನೂ, ಬೆನ್ನಟ್ಟಿ ಬರುವುದರಿಂದ ತಪ್ಪಿಸಿಕೊಳ್ಳುವ ಕೈಚಳಕವನ್ನೂ ಒಂದೇ ಗಳಿಗೆಯಲ್ಲಿ ಬೇಡುವ ಚಕ್ರವ್ಯೂಹದ ಆಟ. ಹೊಯ್ಸಳ ಗುಡಿಯ ನವರಂಗದಲ್ಲಿ ಕಂಬಗಳು ನಿಂತ ಹಾಗೆ ಸಮದೂರದಲ್ಲಿ ನಿಂತ, ಯಾವುದಕ್ಕೂ ಒಡೆಯದ ಕಲ್ಲಿನ ಚೌಕಗಳು, ಅವುಗಳ ನಡುವೆ ಅಲ್ಲಲ್ಲಿ ಒಡೆಯಬಹುದಾದ ಇಟ್ಟಿಗೆಗಳು, ಇವುಗಳ ಮಧ್ಯೆ ಓಡಾಡುವ ಒಂದು ಪುಟ್ಟ ಬೊಂಬೆ ಬಾಂಬನ್ನು ಇಟ್ಟು ದೂರ ಸರಿಯಬೇಕು. ಎರಡು ಮೂರು ಸೆಕೆಂಡಿನಲ್ಲಿ ಅದು ಸಿಡಿದು ನಾಲ್ಕು ದಿಕ್ಕಿಗೂ ಬೆಂಕಿಯ ನಾಲಗೆ ಚಾಚುತ್ತದೆ, ಇಟ್ಟಿಗೆ ಒಡೆಯುತ್ತದೆ, ಎದುರಾದ ಶತ್ರು ಸುಡುತ್ತದೆ, ಸರಿಯಲು ಜಾಗ ನೋಡಿಕೊಳ್ಳದಿದ್ದರೆ ಇಟ್ಟವನೂ ಸುಡುತ್ತಾನೆ. ಪ್ರತಿ ಸುತ್ತಿನಲ್ಲಿಯೂ ಯಾವುದೋ ಒಂದು ಇಟ್ಟಿಗೆಯ ಕೆಳಗೆ ಮುಂದಿನ ಸುತ್ತಿಗೆ ಹೋಗುವ ಬಾಗಿಲು, ಇನ್ನೊಂದರ ಕೆಳಗೆ ಬೆಂಕಿಯ ಉದ್ದವನ್ನೋ ಬಾಂಬಿನ ಸಂಖ್ಯೆಯನ್ನೋ ಹೆಚ್ಚಿಸುವ ಒಂದು ಬಿಲ್ಲೆ ಅಡಗಿರುತ್ತವೆ, ಮತ್ತು ಕೊಟ್ಟ 200 ಸೆಕೆಂಡು ಮುಗಿದ ಮೇಲೂ ಒಳಗೇ ಉಳಿದರೆ ನಾಣ್ಯದಾಕಾರದ ಶತ್ರುಗಳ ಹಿಂಡು ಇಟ್ಟಿಗೆಗಳನ್ನೂ ಲೆಕ್ಕಿಸದೆ ನುಗ್ಗುತ್ತದೆ. ಈ ಆಟದಲ್ಲಿ ಶತ್ರುವಿನಿಂದ ಸತ್ತದ್ದಕ್ಕಿಂತ, ತಾನೇ ಬಾಂಬಿಟ್ಟು ತಾನೇ ಮೂಲೆಗೆ ಸಿಕ್ಕಿಕೊಂಡು ಸತ್ತದ್ದೇ ಹೆಚ್ಚು ಎಂಬುದು ಆಡಿದವರೆಲ್ಲರ ಅನುಭವ.

ಇದನ್ನು ಮಾಡಿದ್ದು ಹಡ್ಸನ್ ಸಾಫ್ಟ್ ಎಂಬ ಕಂಪನಿ. ಅದು ಜಪಾನಿನ ಉತ್ತರ ತುದಿಯ ಸಪ್ಪೊರೊ ನಗರದಲ್ಲಿ 1973ರಲ್ಲಿ ಆರಂಭವಾಯಿತು, ಹೆಸರು ಬಂದದ್ದು ಸ್ಥಾಪಕರಿಗೆ ಪ್ರಿಯವಾಗಿದ್ದ ಒಂದು ಜಾತಿಯ ಉಗಿಬಂಡಿಯಿಂದ. ಬಾಂಬರ್‌ಮ್ಯಾನ್ ಮೊದಲು 1983ರಲ್ಲಿ ಮನೆಗಣಕಗಳ ಮೇಲೆ, ಆಮೇಲೆ 1985ರಲ್ಲಿ ಫ್ಯಾಮಿಕಾಮ್ ಮೇಲೆ, 1990ರಲ್ಲಿ 'ಬಾಂಬರ್ ಬಾಯ್' ಎಂಬ ಹೆಸರಿನಿಂದ ಗೇಮ್ ಬಾಯ್ ಮೇಲೆ ಬಂದಿತು. ಈ ಮೂರನೆಯದು ಮರುವರ್ಷ ಯುರೋಪಿಗೆ 'ಡೈನಾಬ್ಲಾಸ್ಟರ್' ಎಂದೂ ಅಮೆರಿಕಕ್ಕೆ 'ಅಟಾಮಿಕ್ ಪಂಕ್' ಎಂದೂ ಹೆಸರು ಬದಲಿಸಿಕೊಂಡು ಹೋಯಿತು. ಅದರಲ್ಲಿ ಹೊಸದಾಗಿ ಕಟ್ಟಿದ ಒಂದು ಆಟವೂ, 1985ರ ಹಳೆಯ ಆಟದ ರೂಪವೂ, ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ ಇಬ್ಬರು ಎದುರುಬದುರು ಆಡುವ ಸೌಕರ್ಯವೂ ಇದ್ದವು. ಹಾಸನ ಸೀಮೆಗೆ ಎರಡನೆಯ ಯಂತ್ರವೇ ಬರಲಿಲ್ಲವಾದ್ದರಿಂದ ಆ ಕೊನೆಯ ಸೌಕರ್ಯ ಇಲ್ಲಿ ತೆರೆಯ ಮೇಲಿನ ಒಂದು ಸಾಲಾಗಿಯೇ ಉಳಿಯಿತು.

ಆ ಒಂದು ಯಂತ್ರ ಬಂದದ್ದು 1993ರ ಡಿಸೆಂಬರಿನಲ್ಲಿ. ಶ್ರವಣಬೆಳಗೊಳದ ಗೊಮ್ಮಟನಿಗೆ ಆ ತಿಂಗಳು ಮಹಾಮಸ್ತಕಾಭಿಷೇಕ ನಡೆಯಿತು, ಬೆಳಗೊಳ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ್ದು, ಆದ್ದರಿಂದ ಪಟ್ಟಣದ ಮನೆಗಳೆಲ್ಲ ನೆಂಟರಿಂದ ತುಂಬಿಹೋದವು. ಅಲ್ಲಿಗೆ ಕೊಟ್ಟಿದ್ದ ಅತ್ತೆಯ ಮೈದುನ, ಅಮೆರಿಕದಲ್ಲಿ ನೆಲೆಸಿದ್ದವರು, ಹೆಂಡತಿ ಮಗನೊಂದಿಗೆ ಅಭಿಷೇಕಕ್ಕೆಂದು ಬಂದವರು, ಹೊರಡುವ ದಿನ ಮಗನ ಗೇಮ್ ಬಾಯನ್ನು ಮತ್ತು ಅದರೊಳಗೆ ಸಿಕ್ಕಿಸಿದ್ದ ಏಕೈಕ ಕ್ಯಾಸೆಟ್ಟನ್ನು 'ಮಕ್ಕಳೆಲ್ಲ ಆಡ್ಕೊಳ್ಲಿ' ಎಂದು ಬಿಟ್ಟುಹೋದರು. ಆಟದ ಚಿಪ್ಪು ಇರುವ ಪ್ಲಾಸ್ಟಿಕ್ ಬಿಲ್ಲೆಗೆ ಈ ಕಡೆಯ ಮಕ್ಕಳು ಹೇಳುತ್ತಿದ್ದುದು ಕ್ಯಾಸೆಟ್ ಎಂದೇ. ಅದರ ಮೇಲೆ ಬರೆದಿದ್ದುದು ಅಟಾಮಿಕ್ ಪಂಕ್ ಎಂದು. ಹಾಗೆಂದರೇನೆಂದು ಯಾರಿಗೂ ಗೊತ್ತಿರದ ಕಾರಣ ಆಟದ ಹೆಸರು 'ಪಂಪು' ಎಂದಾಯಿತು. ಅತ್ತೆಯ ಮಕ್ಕಳು ಆಗಿನ್ನೂ ತೊಟ್ಟಿಲಲ್ಲಿದ್ದರು. ಆದ್ದರಿಂದ ಪಂಪು ಹಾಸನದ ಹತ್ತು ವರ್ಷದ ಹುಡುಗನ ಪಾಲಾಯಿತು, ಅಂದರೆ ಈ ಲೇಖಕನ ಪಾಲಾಯಿತು.

ಆಟ ನಿಜವಾಗಿ ನಡೆಯುತ್ತಿದ್ದುದು ರಜೆಯಲ್ಲಿ, ಹೊಳೆನರಸೀಪುರದ ಅಜ್ಜಿಯ ಮನೆಯಲ್ಲಿ. ಹಾಸನದಿಂದ ಕೆಂಪು ಬಸ್ಸಿನಲ್ಲಿ ಒಂದು ಗಂಟೆ. ಹುಡುಗ ದಾರಿಯುದ್ದಕ್ಕೂ ಯಂತ್ರವನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದಿರುತ್ತಿದ್ದ. ಗೇಮ್ ಬಾಯಿನ ತೆರೆಗೆ ಸ್ವಂತ ಬೆಳಕಿರಲಿಲ್ಲ, ಪಾಚಿಯ ಬಣ್ಣದ ಹಿನ್ನೆಲೆಯ ಮೇಲೆ ನಾಲ್ಕೇ ಛಾಯೆಗಳು ಮೂಡುತ್ತಿದ್ದವು, ಮೋಡ ಕವಿದರೆ ಬೊಂಬೆಯೂ ಗೋಡೆಯೂ ಒಂದಾಗುತ್ತಿದ್ದವು; ಹೀಗಾಗಿ ಆಟದ ಜಾಗ ಮನೆಯ ಮುಂದಿನ ಜಗಲಿ, ಆಟದ ಹೊತ್ತು ಬೆಳಗಿನ ಬಿಸಿಲು ಜಗಲಿಯಿಂದ ಇಳಿಯುವ ತನಕ. ನಾಲ್ಕು ಪೆನ್ಸಿಲ್ ಸೆಲ್ಲು ಬೇಕಾಗುತ್ತಿತ್ತು. ತೆರೆಯ ಎಡಕ್ಕಿದ್ದ ಕೆಂಪು ಚುಕ್ಕೆ ಮಂಕಾಗುತ್ತ ಬಂದರೆ ಸೆಲ್ಲು ಮುಗಿಯಿತೆಂದು ಅರ್ಥ. ಹೊಸದಕ್ಕೆ ದುಡ್ಡು ಕೇಳಿದರೆ ತಾತ ರೇಡಿಯೋದ ಕಡೆ ನೋಡುತ್ತಿದ್ದರು, ಅಂದರೆ ಅದಕ್ಕೂ ಇದೇ ಸೆಲ್ಲು, ಅದು ವಾರ್ತೆ ಹೇಳುತ್ತದೆ, ಇದು ಏನು ಹೇಳುತ್ತದೆ ಎಂದು. ಮುಗಿದ ಸೆಲ್ಲುಗಳನ್ನು ಹಂಚಿನ ಮೇಲೆ ಬಿಸಿಲಿಗಿಟ್ಟು ಮಧ್ಯಾಹ್ನ ತೆಗೆದು ಹಾಕಿದರೆ ಇನ್ನೊಂದು ಕಾಲು ಗಂಟೆ ಆಟ ಸಿಗುತ್ತಿತ್ತು.

ಇಲ್ಲಿಯವರೆಗಿನದು ಈ ಲೇಖಕನು ಗೆಳೆಯರಿಗೆ, ಆಮೇಲೆ ಮಕ್ಕಳಿಗೆ ಹೇಳುತ್ತ ಬಂದ ಕಥೆಯ ಭಾಗವೇ. ಆ ಕಥೆಯಲ್ಲಿ ಮಕ್ಕಳೆಲ್ಲ ಜಗಲಿಯ ಮೇಲೆ ತಲೆಗೆ ತಲೆ ತಾಗಿಸಿ ಕೂತು ಒಂದೇ ಸಣ್ಣ ತೆರೆಯನ್ನು ನೋಡುತ್ತಾರೆ, ಸರದಿಯಂತೆ ಆಡುತ್ತಾರೆ, ಈಗಿನವರ ಹಾಗೆ ಒಬ್ಬೊಬ್ಬರು ಒಂದೊಂದು ಫೋನ್ ಹಿಡಿದು ಮೂಲೆ ಸೇರುವುದಿಲ್ಲ. ತಲೆಗಳು ತಾಗುತ್ತಿದ್ದುದು ನಿಜ. ಸರದಿ ಮಾತ್ರ ಇರಲಿಲ್ಲ. ಯಂತ್ರ ಹುಡುಗನ ಕೈಯಲ್ಲಿರುತ್ತಿತ್ತು, ಅವನಿಗೆ ಸಾಕೆನಿಸಿದಾಗ ಚಿಕ್ಕ ಹುಡುಗರ ಕೈಗೆ ಹೋಗುತ್ತಿತ್ತು. ಅರಕಲಗೂಡಿನ ದೊಡ್ಡಪ್ಪನ ಮಗಳು, ಹುಡುಗನಿಗಿಂತ ಮೂರು ವರ್ಷ ದೊಡ್ಡವಳು, ಅವನ ಹೆಗಲ ಹಿಂದಿನಿಂದ ನೋಡುತ್ತಿದ್ದಳು. ಅದೂ ಒಳಗಿನಿಂದ ಕರೆ ಬರುವ ತನಕ. ಅವರೆಯ ಕಾಲದಲ್ಲಿ ಹಿತಕಲು, ಬೇಸಿಗೆಯಲ್ಲಿ ಸಂಡಿಗೆ ಹರಡಲು, ಉಳಿದಾಗ ನೀರು ಸೇದಲು, ಅಂತೂ ಕರೆ ಬರುತ್ತಿದ್ದುದು ಅವಳೊಬ್ಬಳಿಗೇ.

ಆದರೆ ಆಟವನ್ನು ಅರ್ಥಮಾಡಿಕೊಂಡದ್ದು ಅವಳು. ಮೊದಲ ಬೇಸಿಗೆಯಲ್ಲಿ ಅವಳು ತನ್ನ ಗ್ರಾಫ್ ಹಾಳೆಗಳಲ್ಲಿ ಹಳೆಯ ಆಟದ ಸುತ್ತುಗಳ ನಕ್ಷೆ ಬರೆಯತೊಡಗಿದಳು: ಕಲ್ಲಿನ ಚೌಕಕ್ಕೆ ಕಪ್ಪು, ಇಟ್ಟಿಗೆಗೆ ಅಡ್ಡಗೆರೆ, ಬಾಗಿಲಿಗೆ ಸೊನ್ನೆ. ಮೂರು ದಿನದ ಮೂರು ನಕ್ಷೆಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ಒಂದಕ್ಕೊಂದು ಹೊಂದಲಿಲ್ಲ. ಹುಡುಗ ನಕ್ಕ, ಅವಳು ನಗದೆ, ಕಲ್ಲು ಕದಲುವುದಿಲ್ಲ, ಇಟ್ಟಿಗೆ ಮಾತ್ರ ಪ್ರತಿಸಲ ಬೇರೆ ಕಡೆ ಬೀಳುತ್ತದೆ, ಬಾಗಿಲು ಅದರ ಜೊತೆಗೆ ಓಡಾಡುತ್ತದೆ, ಆದ್ದರಿಂದ ದಾರಿಯನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ ಎಂದು ತೀರ್ಮಾನ ಕೊಟ್ಟಳು. ಸುತ್ತುಗಳ ವಿನ್ಯಾಸವನ್ನು ಯಂತ್ರವೇ ಆಗಿಂದಾಗ್ಗೆ ಹೊಸದಾಗಿ ಚೆಲ್ಲುತ್ತದೆ ಎಂಬ ಸಂಗತಿಯನ್ನು ಈಗ ಯಾರು ಬೇಕಾದರೂ ಓದಿ ತಿಳಿಯಬಹುದು. ಆಗ ಹದಿಮೂರು ಹದಿನಾಲ್ಕರ ಹುಡುಗಿಯೊಬ್ಬಳು ಅದನ್ನು ಬೇರೆಯವರ ಕೈಯಲ್ಲಿದ್ದ ತೆರೆಯನ್ನು ಕದ್ದು ನೋಡಿ ಕಂಡುಕೊಂಡಳು. ಬಾಂಬಿಡುವ ಮೊದಲು ಓಡುವ ದಾರಿ ನೋಡಿಕೋ, ಬಾಗಿಲು ಸಿಕ್ಕಿದ ಮೇಲೆ ಅದರ ಹತ್ತಿರ ಬಾಂಬಿಡಬೇಡ ಎಂಬ ಎರಡು ಸೂತ್ರಗಳೂ ಅವಳವೇ. ಎರಡನೆಯದು ಬಹಳ ಮುಖ್ಯ: ತೆರೆದ ಬಾಗಿಲಿಗೆ ಬೆಂಕಿ ತಗುಲಿದರೆ ಹೊಸ ಶತ್ರುಗಳು ಹುಟ್ಟಿ ಬರುತ್ತವೆ ಎಂಬುದು ಆಟದ ಗುಟ್ಟುಗಳಲ್ಲೊಂದು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಮೇಲೆ, 12ನೇ ಶತಮಾನದ ಶಿಲ್ಪಿಗಳು ಅಭಿಮನ್ಯು ಹೊಕ್ಕ ಚಕ್ರವ್ಯೂಹವನ್ನು ಸುರುಳಿ ಸುರುಳಿಯಾಗಿ ಕೆತ್ತಿದ್ದಾರೆ. ಹಾಸನ ಜಿಲ್ಲೆಯ ಶಾಲಾ ಮಕ್ಕಳಲ್ಲಿ ಪ್ರವಾಸದ ನೆಪದಲ್ಲಿ ಅದನ್ನು ನೋಡದವರು ಕಡಿಮೆ. ಒಳಹೋಗಲು ಬಲ್ಲವನಿಗೆ ಹೊರಬರಲು ತಿಳಿದಿರಲಿಲ್ಲ ಎಂಬ ಕಥೆಯನ್ನು ಮೇಷ್ಟರು ಹೇಳುವಾಗ ಹುಡುಗನಿಗೆ ಪಂಪು ನೆನಪಾದದ್ದುಂಟು. ಹೋಲಿಕೆ ಪೂರ್ತಿ ಕೂಡುವುದಿಲ್ಲ. ಅಭಿಮನ್ಯುವಿನ ದಾರಿಯನ್ನು ಕಟ್ಟಿದವರು ಬೇರೆಯವರು, ಬಾಂಬರ್‌ಮ್ಯಾನ್‌ನ ದಾರಿಯನ್ನು ಹೆಚ್ಚಿನ ಸಲ ಅವನ ಬಾಂಬೇ ಕಟ್ಟುತ್ತದೆ. ಆ ವ್ಯತ್ಯಾಸದ ಅರ್ಥ ಹುಡುಗನಿಗೆ ಹೊಳೆಯಲು ಇನ್ನೂ ಕೆಲವು ವರ್ಷ ಬೇಕಾಯಿತು.

1996ರಲ್ಲಿ ಹಾಸನದ ಮನೆಗೆ 'ಟಿವಿ ಗೇಮ್' ಬಂದಿತು. ಫ್ಯಾಮಿಕಾಮ್ ಯಂತ್ರವನ್ನು ಅನುಮತಿಯಿಲ್ಲದೆ ನಕಲು ಮಾಡಿದ, ಯಾವ ಹೆಸರೂ ಗಟ್ಟಿಯಾಗಿ ಅಂಟಿಕೊಂಡಿರದ ಇಂಥ ಯಂತ್ರಗಳು ಆ ವರ್ಷಗಳಲ್ಲಿ ಕರ್ನಾಟಕದ ಸಣ್ಣ ಊರುಗಳ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತಿದ್ದವು. ಹಳದಿ ಬಣ್ಣದ ಕ್ಯಾಸೆಟ್ಟಿನ ಮೇಲೆ ಆಟಗಳ ಸಂಖ್ಯೆ 9999 ಎಂದು ಅಚ್ಚಾಗಿದ್ದರೂ ಒಳಗೆ ಇರುತ್ತಿದ್ದುದು ಬೆರಳೆಣಿಕೆಯ ಆಟಗಳ ಪುನರಾವರ್ತನೆ. ಆಟ ಬಾರದಿದ್ದರೆ ಕ್ಯಾಸೆಟ್ ತೆಗೆದು ಬುಡಕ್ಕೆ ಜೋರಾಗಿ ಊದಿ ಮತ್ತೆ ಹಾಕುವುದು ಎಲ್ಲ ಮನೆಗಳ ಶಾಸ್ತ್ರ. ದೇಶದ ಇನ್ಸಾಟ್ ಉಪಗ್ರಹಗಳನ್ನು ಆಕಾಶದಲ್ಲಿ ಸರಿಯಾದ ಸ್ಥಾನದಲ್ಲಿ ನಿಲ್ಲಿಸುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1980ರ ದಶಕದಿಂದ ಇದೇ ಹಾಸನದಲ್ಲಿದೆ. ಅದೇ ಊರಿನ ಒಂದು ಮನೆಯಲ್ಲಿ ಗೇಮಿನ ಚಿತ್ರವನ್ನು ಟಿವಿಯ ಮೇಲೆ ನಿಲ್ಲಿಸಲು ತಿರುಗಣಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಅರ್ಧ ಗಂಟೆ ಕಳೆಯಬೇಕಾಗಿತ್ತು.

ಆ ಹಳದಿ ಕ್ಯಾಸೆಟ್ಟಿನಲ್ಲಿ ಪಂಪು ಬಣ್ಣದಲ್ಲಿ, ಬಾಂಬರ್‌ಮ್ಯಾನ್ ಎಂಬ ಸ್ವಂತ ಹೆಸರಿನಲ್ಲಿ ಕಾಣಿಸಿಕೊಂಡಿತು. ಬೂದು ಯಂತ್ರ ಆ ದಿನವೇ ಹಳತಾಯಿತು. ದಸರಾ ರಜೆಗೆ ಬಂದ ಅರಕಲಗೂಡಿನ ಅಕ್ಕ ಇಲ್ಲಿಯೂ ಕಡ್ಡಿ ಹಿಡಿದದ್ದು, ಅಂದರೆ ಗುಂಡಿಗಳಿರುವ ನಿಯಂತ್ರಕವನ್ನು ಕೈಗೆ ತೆಗೆದುಕೊಂಡದ್ದು, ಬಹಳ ಕಡಿಮೆ. ಆದರೆ ನೋಟ್‌ಬುಕ್ಕಿನ ಹಿಂಬದಿಯ ಪುಟದಲ್ಲಿ ಯಾವ ಸುತ್ತಿನಲ್ಲಿ ಯಾವ ಬಿಲ್ಲೆ ಎಂಬ ಪಟ್ಟಿ ಅವಳ ಅಕ್ಷರದಲ್ಲಿ ಬೆಳೆಯಿತು. ಮೊದಲನೆಯದರಲ್ಲಿ ಬೆಂಕಿ, ಎರಡನೆಯದರಲ್ಲಿ ಇನ್ನೊಂದು ಬಾಂಬು, ಮೂರನೆಯದರಲ್ಲಿ ಬೇಕೆಂದಾಗ ಸಿಡಿಸುವ ಗುಂಡಿ, ನಾಲ್ಕನೆಯದರಲ್ಲಿ ವೇಗ: ಇಟ್ಟಿಗೆಗಳು ಎಲ್ಲಿ ಬಿದ್ದರೂ ಈ ಕ್ರಮ ಬದಲಾಗುವುದಿಲ್ಲ ಎಂಬುದನ್ನು ಅವಳು ಕಂಡಿದ್ದಳು. ಸೋತಾಗ ತೆರೆಯ ಮೇಲೆ ಮೂಡುವ ಇಪ್ಪತ್ತು ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡನ್ನು, ಎಂದರೆ ಮುಂದೊಂದು ದಿನ ಅದೇ ಸುತ್ತಿನಿಂದ ಆರಂಭಿಸಲು ಬೇಕಾದ ಗುಟ್ಟಿನ ಪದವನ್ನು, ಐದೈದರ ನಾಲ್ಕು ಗುಂಪು ಮಾಡಿ ಬರೆದಿಡುತ್ತಿದ್ದವಳೂ ಅವಳೇ. ಹುಡುಗ ಬರೆದದ್ದು ಯಾವತ್ತೂ ಕೆಲಸ ಮಾಡುತ್ತಿರಲಿಲ್ಲ, ಒಂದಾದರೂ ಅಕ್ಷರ ತಪ್ಪಿರುತ್ತಿತ್ತು. ಐವತ್ತು ಸುತ್ತಿನಲ್ಲಿ ಮೂವತ್ತೆಂಟರವರೆಗೆ ಹೋದದ್ದು ಅವಳ ಪುಟದ ಬಲದಿಂದ; ಮುಂದಿನ ವರ್ಷ ಅವಳಿಗೆ ಎಸ್ಸೆಸ್ಸೆಲ್ಸಿ, ಆಟ ಅಲ್ಲಿಗೇ ನಿಂತಿತು. ಹೊಳೆನರಸೀಪುರದ ಮನೆಗೆ ಟಿವಿ ಗೇಮನ್ನು ಒಯ್ಯುವ ಪ್ರಯತ್ನವೂ ಒಮ್ಮೆ ನಡೆಯಿತು, ಆದರೆ 1996ರ ಜೂನ್‌ನಲ್ಲಿ ಅದೇ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾಗಿದ್ದರಿಂದ ಅಜ್ಜಿಯ ಮನೆಯ ಟಿವಿಯನ್ನು ವಾರ್ತೆಯಿಂದ ಬಿಡಿಸುವುದು ಯಾರಿಂದಲೂ ಆಗಲಿಲ್ಲ.

1997ರ ಬೇಸಿಗೆಯಲ್ಲಿ ಚನ್ನರಾಯಪಟ್ಟಣದ ಅತ್ತೆ, ತಮ್ಮ ಮಕ್ಕಳು ಈಗ ಆಡುವಷ್ಟು ದೊಡ್ಡವರಾದರು, ಆ ಸಣ್ಣ ಮಿಷನ್ನು ಕಳಿಸಿಕೊಡಿ ಎಂದು ಹೇಳಿಕಳಿಸಿದರು. ಹುಡುಗ ಮೇಜಿನ ಡ್ರಾಯರಿನಿಂದ ಅದನ್ನು ತೆಗೆದ. ಟಿವಿ ಗೇಮ್ ಬಂದ ದಿನ ಒಳಗಿದ್ದ ಸೆಲ್ಲುಗಳು, ಅದೂ ಬಿಸಿಲಿಗಿಟ್ಟು ಹಿಂಡಿದ ಸೆಲ್ಲುಗಳು, ತಿಂಗಳುಗಟ್ಟಲೆ ಹಾಗೆಯೇ ಇದ್ದು ಸೋರಿದ್ದವು. ಮುಚ್ಚಳ ತೆಗೆದಾಗ ಲೋಹದ ಪಟ್ಟಿಗಳ ಮೇಲೆ ಬಿಳಿ, ಹಸಿರು ಬೂಸರಿನಂಥ ಪುಡಿ ಕಟ್ಟಿತ್ತು, ಒಂದು ಸ್ಪ್ರಿಂಗು ಕೈಗೇ ಮುರಿದು ಬಂದಿತು. ಗುಂಡಿ ಸರಿಸಿದರೆ ಕೆಂಪು ಚುಕ್ಕೆ ಹತ್ತಲಿಲ್ಲ. ಯಾರು ಹಾಳು ಮಾಡಿದ್ದು ಎಂದು ಅಪ್ಪ ಕೇಳಿದಾಗ, ಹುಡುಗ ತಡವರಿಸದೆ, ದಸರಾದಲ್ಲಿ ಕೊನೆಗೆ ಆಡಿದ್ದು ಅಕ್ಕ ಎಂದ.

ಮಾತು ಅರಕಲಗೂಡಿಗೆ ಹೋಯಿತು. ಹೆಣ್ಣುಮಕ್ಕಳಿಗೆ ಇಂಥವೆಲ್ಲ ಯಾಕೆ ಬೇಕಿತ್ತು ಎಂದು ಹಿರಿಯರೊಬ್ಬರು ಅಂದದ್ದು, ದೊಡ್ಡಪ್ಪ ಅತ್ತೆಯ ಮುಂದೆ ತಲೆ ತಗ್ಗಿಸಿದ್ದು, ಅಕ್ಕ ಇಲ್ಲವೆನ್ನದೆ ಸುಮ್ಮನಿದ್ದದ್ದು, ಇವೆಲ್ಲ ಹುಡುಗನಿಗೆ ತಿಳಿದವು. ಅವಳು ಸುಮ್ಮನಿದ್ದುದರಿಂದ ಅವನು ಹೇಳಿದ್ದೇ ಮನೆತನದ ಇತಿಹಾಸವಾಯಿತು, ಕೆಲವು ವರ್ಷಗಳಲ್ಲಿ ಅವನೂ ಅದನ್ನು ಅರ್ಧ ನಂಬತೊಡಗಿದ. ನೆನಪು ಎಂಬುದು ಇಟ್ಟಿಗೆಗಳನ್ನು ಪ್ರತಿಸಲ ಹೊಸದಾಗಿ ಚೆಲ್ಲಿಕೊಳ್ಳುತ್ತದೆ ಎನ್ನುವುದು ಸುಲಭ, ಆದರೆ ಇಲ್ಲಿ ಅಂಥ ರೂಪಕಕ್ಕೆ ಅವಕಾಶವಿಲ್ಲ; ನಡೆದದ್ದು ಒಬ್ಬ ಹುಡುಗ ಹೇಳಿದ ಸುಳ್ಳು.

ಮುಂದಿನ ಬದಲಾವಣೆಗಳು ಎಲ್ಲ ಊರಿನವೇ. 2006ರ ಮಸ್ತಕಾಭಿಷೇಕಕ್ಕೆ ಬಂದವರ ಕೈಯಲ್ಲಿ ಗುಂಡಿಗಳ ಫೋನು, 2018ರಲ್ಲಿ ಬಂದವರ ಕೈಯಲ್ಲಿ ಬೆರಳಿಂದ ಸವರುವ ಫೋನು. ನಡುವೆ, 2012ರಲ್ಲಿ, ಹಡ್ಸನ್ ಸಾಫ್ಟ್ ಕೊನಾಮಿ ಎಂಬ ದೊಡ್ಡ ಕಂಪನಿಯೊಳಗೆ ಕರಗಿತು. ಆ ಆಟಕ್ಕೆ ಒಂದು ಕಥೆ ಇತ್ತೆಂಬುದು ಈ ಲೇಖಕನಿಗೆ ತಿಳಿದದ್ದು ಇತ್ತೀಚೆಗೆ, ಏಕೆಂದರೆ ನಕಲಿ ಕ್ಯಾಸೆಟ್ಟಿನೊಂದಿಗೆ ಕೈಪಿಡಿ ಬರುತ್ತಿರಲಿಲ್ಲ. ಆ ಬೊಂಬೆ ನೆಲದಡಿಯ ಕಾರ್ಖಾನೆಯಲ್ಲಿ ಬಾಂಬು ತಯಾರಿಸುವ ಒಂದು ರೋಬೋಟ್. ಮೇಲಿನ ನೆಲ ಮುಟ್ಟಿದವರು ಮನುಷ್ಯರಾಗುತ್ತಾರೆ ಎಂಬ ಗಾಳಿಮಾತು ಕೇಳಿ ಅದು ಓಡಲು ಹೊರಟಿದೆ, ಐವತ್ತನೆಯ ಸುತ್ತು ಮುಗಿದರೆ ಮನುಷ್ಯನಾಗಿ, ಹಡ್ಸನ್ ಕಂಪನಿಯೇ 1984ರಲ್ಲಿ ಫ್ಯಾಮಿಕಾಮ್‌ಗೆ ತಂದಿದ್ದ 'ಲೋಡ್ ರನ್ನರ್' ಆಟದ ನಾಯಕನಾಗುತ್ತದೆ. ಮೂವತ್ತೆಂಟರಲ್ಲಿ ನಿಂತವರಿಗೆ ಇದು ತಿಳಿಯುವ ದಾರಿಯಿರಲಿಲ್ಲ.

'400 ಇನ್ 1' ಡಬ್ಬಿಯನ್ನು ಕೊಂಡ ಮರುದಿನವೇ ಈ ಲೇಖಕನು ಅರಕಲಗೂಡು ಕಡೆಗೆ ಹೋದ. ಅಕ್ಕನನ್ನು ಕೊಟ್ಟಿರುವುದು ಅದೇ ತಾಲ್ಲೂಕಿನ ಹೊಗೆಸೊಪ್ಪು ಬೆಳೆಯುವ ಮನೆಗೆ. ಆ ಭಾಗದ ಸೊಪ್ಪು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುತ್ತದೆ. ಅದಕ್ಕೂ ಮೊದಲು ಬ್ಯಾರನ್ ಎಂಬ ಎತ್ತರದ ಕಟ್ಟಡದಲ್ಲಿ ನೇತುಹಾಕಿ, ಬೆಂಕಿಯ ಕಾವನ್ನು ದಿನದಿಂದ ದಿನಕ್ಕೆ ಅಳತೆ ಮಾಡಿ ಏರಿಸುತ್ತ ಹದ ಮಾಡಬೇಕು, ಕಾವು ತಪ್ಪಿದರೆ ಇಡೀ ಬ್ಯಾರನ್ನಿನ ಸೊಪ್ಪು ಹಾಳು. ಆ ಮನೆಯಲ್ಲಿ ಕಾವಿನ ಲೆಕ್ಕ ಬರೆಯುವ ಪುಸ್ತಕ ಅಕ್ಕನ ಅಕ್ಷರದಲ್ಲಿದೆ, ಗಂಟೆಗೊಂದು ಸಾಲಿನಂತೆ, ಐದೈದು ಸಾಲಿಗೊಂದು ಗೆರೆ.

ಡಬ್ಬಿಯನ್ನು ಕೈಗಿತ್ತಾಗ ಅವಳು ಮೊದಲು ಸೆರಗಿನಿಂದ ತೆರೆ ಒರೆಸಿದಳು. ಎರಡು ಸಲ ತನ್ನದೇ ಬಾಂಬಿಗೆ ಸಿಕ್ಕಿ ಸತ್ತಳು, ಮೂರನೆಯ ಸಲಕ್ಕೆ ಬೆಂಕಿಯ ಬಿಲ್ಲೆ ಸಿಕ್ಕಿತು, ಬಾಗಿಲು ಸಿಕ್ಕಿತು, ಬಾಗಿಲಿನಿಂದ ದೂರ ಹೋಗಿ ಉಳಿದ ಶತ್ರುಗಳನ್ನು ಮುಗಿಸಿದಳು. ಮೂರು ಸುತ್ತು ಆಡಿದಳು. ಅವಳ ಕೈಯಲ್ಲಿ ಆ ಆಟ ಒಂದೇ ಸಲಕ್ಕೆ ಅಷ್ಟು ಹೊತ್ತು ಇದ್ದದ್ದು ಬಹುಶಃ ಅದೇ ಮೊದಲು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಈ ಲೇಖಕನು ಇನ್ನೂ ತೆಗೆದಿರಲಿಲ್ಲ. ಒಳಗೆ ಹಾಲು ಉಕ್ಕುವ ಸದ್ದಾಯಿತು. ಅವಳು ಯಂತ್ರವನ್ನು ಆರಿಸಿ, ತಿರುಗಿಸಿ, ಉಗುರಿನಿಂದ ಹಿಂಬದಿಯ ಮುಚ್ಚಳ ಜಾರಿಸಿ ಬ್ಯಾಟರಿಯನ್ನು ಹೊರತೆಗೆದಳು. ಒಂದು ಅಂಗೈಗೆ ಯಂತ್ರ, ಇನ್ನೊಂದಕ್ಕೆ ಬ್ಯಾಟರಿ ಇಟ್ಟು, 'ಆಡಾದ್ಮೇಲೆ ಸೆಲ್ಲು ತೆಗ್ದಿಡಪ್ಪ, ಒಳ್ಗೇ ಬುಟ್ರೆ ಸೋರ್ತದೆ' ಎಂದು ಒಲೆಯ ಕಡೆಗೆ ಎದ್ದುಹೋದಳು.